‘ಇದು ಕೀಬೋರ್ಡಾ?’

ನಾನು ಬರೆದ ಒಂದು ಪುಟ್ಟ ಸಾಫ್ಟ್‌ವೇರನ್ನು ಮೊದಲ ಸಲ ಜನರ ಮುಂದಿಟ್ಟಾಗ ಬಂದದ್ದು ಮೂರು ಪ್ರಶ್ನೆ. ‘ಇದು ಕೀಬೋರ್ಡಾ?’ ‘ಹೊಸ ಫಾಂಟಾ?’ ‘ಮೊಬೈಲಿಗೆ ಹಾಕ್ಕೋಬಹುದಾ?’ ಮೂರಕ್ಕೂ ಉತ್ತರ ‘ಅಲ್ಲ, ಅಲ್ಲ, ಆಗಲ್ಲ’. ಬೇಜಾರಾಯಿತು. ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಬರೆದಿದ್ದ ಕೋಡು ಅದು. ಅದರ ಪ್ರಕಟಣೆ ಬರೆಯೋಕೆ ಮಾತ್ರ ಹತ್ತೇ ನಿಮಿಷ ಕೊಟ್ಟಿದ್ದೆ.

ಆ ಪ್ರಕಟಣೆಯ ಮೊದಲ ಸಾಲು ಹೀಗಿತ್ತು: ‘ಪೈಥಾನ್‌ನಲ್ಲಿ ಬರೆದ ಹಗುರವಾದ, ಮಾಡ್ಯುಲರ್ ಕನ್ನಡ ಟೆಕ್ಸ್ಟ್ ಪ್ರೊಸೆಸಿಂಗ್ ಲೈಬ್ರರಿ.’ ಈಗ ಓದಿದರೆ ನನಗೇ ನಗು ಬರುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇದೆ, ಹಗುರ ಇದೆ, ಅದು ಏನು ಮಾಡುತ್ತೆ ಅನ್ನೋದೊಂದು ಬಿಟ್ಟು ಎಲ್ಲಾ ಇದೆ. ಹೆಸರಾದರೂ ಸುಳಿವು ಕೊಡ್ತಿತ್ತಾ ಅಂದ್ರೆ, ಅದಕ್ಕೆ ನಮ್ಮೂರ ಹೊಳೆಯ ಹೆಸರಿಟ್ಟಿದ್ದೆ.

ಅದು ಮಾಡುವ ಕೆಲಸ ಇಷ್ಟೇ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳನ್ನು ಯೂನಿಕೋಡ್ ಕನ್ನಡಕ್ಕೆ, ಅಂದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಓದಬಹುದಾದ ಕನ್ನಡಕ್ಕೆ, ಬದಲಾಯಿಸಿ ಕೊಡುತ್ತೆ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲ್ ತೆಗೆದವರಿಗೆ ಈ ಕಷ್ಟ ಗೊತ್ತು. ‘ಕನ್ನಡ’ ಅನ್ನೋ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ ಕಾಣುತ್ತೆ, ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಮುಂದೆ ಒಂದು ಜರ್ಮನ್ ಅಕ್ಷರ. ಆ ಫಾಂಟಿನಲ್ಲಿ ಪೌಂಡ್ ಚಿಹ್ನೆಯ ಜಾಗದಲ್ಲಿ ‘ನ’ ಚಿತ್ರ ಕೂರಿಸಿದ್ದಾರೆ, ಅಷ್ಟೇ. ಫಾಂಟ್ ಹೋದರೆ ಕನ್ನಡವೂ ಹೋಯಿತು. ಇದನ್ನು ಸರಿ ಮಾಡುವ ಪರಿವರ್ತಕಗಳು ಮೊದಲೇ ಇದ್ದವು. ನನ್ನದರ ವಿಶೇಷ ಅಂದ್ರೆ, ಒಂದೊಂದೇ ಫೈಲ್ ಕಾಪಿ ಮಾಡಿ ಅಂಟಿಸಬೇಕಿಲ್ಲ, ಇಡೀ ಫೋಲ್ಡರ್ ಒಂದೇ ಸಲಕ್ಕೆ ಆಗುತ್ತೆ. ಇದನ್ನಾದರೂ ಪ್ರಕಟಣೆಯಲ್ಲಿ ಹೇಳಿದ್ದೆನಾ? ಹೇಳಿದ್ದೆ, ಏಳನೇ ಪ್ಯಾರಾದಲ್ಲಿ.

ಅರ್ಥವಾಗದಿದ್ದರೆ ಪರವಾಗಿಲ್ಲ, ಬಿಟ್ಟು ಹೋಗ್ತಾರೆ. ಅರ್ಧ ಅರ್ಥವಾದರೆ ಇನ್ನೂ ಕಷ್ಟ. ಒಬ್ಬ ಸಂಶೋಧನಾ ವಿದ್ಯಾರ್ಥಿ ತಮ್ಮ ಪ್ರಬಂಧವನ್ನೇ ಇದಕ್ಕೆ ಹಾಕಿದರು. ಕನ್ನಡ ಭಾಗ ಚೆನ್ನಾಗಿ ಬಂತು. ಕೊನೆಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಪಟ್ಟಿ ಮಾತ್ರ ಪೂರ್ತಿ ಕಲಸುಮೇಲೋಗರ. ಯಾಕಂದ್ರೆ ನನ್ನ ಪ್ರೋಗ್ರಾಂ ಬರೀ ಅಕ್ಷರ ನೋಡುತ್ತೆ, ಯಾವ ಫಾಂಟು ಅಂತ ನೋಡಲ್ಲ. ನುಡಿಯಲ್ಲಿ ದೊಡ್ಡ ಎ ಅಂದ್ರೆ ಸೊನ್ನೆ. ಹಾಗಾಗಿ ಇನಿಶಿಯಲ್ ಎ ಇದ್ದ ಲೇಖಕರಿಗೆಲ್ಲ ಸೊನ್ನೆ ಸಿಕ್ಕಿತ್ತು. ಪಾಪ, ಆ ವಿದ್ಯಾರ್ಥಿ ಸಿಟ್ಟಾಗಲಿಲ್ಲ. ‘ಸರ್, ಇದನ್ನ ಮೊದಲೇ ಹೇಳಿದ್ರೆ ಆ ನಾಲ್ಕು ಪುಟ ತೆಗೆದಿಟ್ಟು ಹಾಕ್ತಿದ್ದೆ’ ಅಂದರು. ನನಗೆ ಆ ಮಿತಿ ಮೊದಲ ವಾರದಿಂದಲೇ ಗೊತ್ತಿತ್ತು. ಬರೆದರೆ ಜನ ಬಳಸಲ್ಲ ಅಂತ ಸುಮ್ನೆ ಬಿಟ್ಟಿದ್ದೆ.

ಆಗ ನೆನಪಾದದ್ದು ಲಿನಸ್ ಟೊರ್ವಾಲ್ಡ್ಸ್. 1991ರ ಆಗಸ್ಟ್ 25ರಂದು ಅವರು ಬರೆದ, ಮುಂದೆ ಲಿನಕ್ಸ್ ಅಂತ ಹೆಸರಾದ ಕೆಲಸದ ಮೊದಲ ಸುದ್ದಿ ಕೆಲವೇ ಸಾಲಿನದು. ಉಚಿತ ಆಪರೇಟಿಂಗ್ ಸಿಸ್ಟಂ ಮಾಡ್ತಿದ್ದೇನೆ, ಬರೀ ಹವ್ಯಾಸಕ್ಕೆ, 386 ಮತ್ತು 486 ಎಟಿ ಅನ್ನೋ ಆ ಕಾಲದ ಪಿಸಿಗಳಿಗೆ. ‘ಗ್ನೂ’ ಅನ್ನೋ ಉಚಿತ ಸಾಫ್ಟ್‌ವೇರ್ ಯೋಜನೆಯ ಥರ ದೊಡ್ಡದೇನಲ್ಲ. ಬೇರೆ ಯಂತ್ರಗಳಿಗೆ ಒಯ್ಯೋಕೆ ಬರಲ್ಲ, ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದಕ್ಕೆ ಬಹುಶಃ ಯಾವತ್ತೂ ಆಗಲ್ಲ ಅಂತಲೂ ಅದರಲ್ಲೇ ಇದೆ. ಅವರು ಕೊನೆಯಲ್ಲಿ ಹೇಳಿದ್ದು ಮುಂದೆ ತಪ್ಪಾಯಿತು ಅನ್ನೋದು ಬೇರೆ ಮಾತು. ಆದರೆ ಅವತ್ತು ಓದಿದವರಿಗೆ ತಮ್ಮ ಕಂಪ್ಯೂಟರಿಗೆ ಇದು ಬರುತ್ತೋ ಇಲ್ವೋ ಅಂತ ಆ ಕ್ಷಣವೇ ಗೊತ್ತಾಗಿರುತ್ತೆ ಅಲ್ವಾ?

ಎರಡನೇ ಪ್ರಕಟಣೆಗೆ ಒಂದು ಭಾನುವಾರ ಪೂರ್ತಿ ಕೂತೆ. ಮೊದಲ ಸಾಲನ್ನೇ ಹತ್ತು ಹನ್ನೆರಡು ಸಲ ಬರೆದು ಅಳಿಸಿದೆ. ಒಮ್ಮೆ ‘ಪರಿವರ್ತನಾ ತಂತ್ರಾಂಶ’ ಅಂತ ಬರೆದು, ಇದನ್ನು ಯಾವ ಡಿಟಿಪಿ ಅಂಗಡಿಯಲ್ಲಿ ಹೇಳ್ತಾರೆ ಅಂತ ನನ್ನನ್ನೇ ಕೇಳಿಕೊಂಡು ಹೊಡೆದುಹಾಕಿದೆ. ಅವರು ಹೇಳೋದು ‘ನುಡಿ ಫೈಲನ್ನ ಯೂನಿಕೋಡ್ ಮಾಡ್ಕೊಡಿ’ ಅಂತ. ಕೊನೆಗೆ ಉಳಿದದ್ದು ಇದು: ‘ಹಳೇ ನುಡಿ ಫೈಲುಗಳಿರುವ ಫೋಲ್ಡರ್ ತೋರಿಸಿ, ಅವೆಲ್ಲ ಮೊಬೈಲಿನಲ್ಲೂ ಓದಬಹುದಾದ ಯೂನಿಕೋಡ್ ಕನ್ನಡವಾಗಿ ಬೇರೆ ಫೋಲ್ಡರಿನಲ್ಲಿ ಸಿಗುತ್ತವೆ.’ ಬೇರೆ ಫೋಲ್ಡರ್ ಅಂತ ಬೇಕೆಂದೇ ಬರೆದೆ. ಮೂಲ ಫೈಲ್ ಹಾಳಾಗುತ್ತಾ ಅನ್ನೋ ಭಯ ಎಲ್ಲರಿಗೂ ಇರುತ್ತೆ.

ಅದರ ಕೆಳಗೆ ಒಂದು ಚಿತ್ರ ಹಾಕಿದೆ. ಎಡಕ್ಕೆ ಆ ಪೌಂಡ್ ಚಿಹ್ನೆಗಳ ಜಾತ್ರೆ, ಬಲಕ್ಕೆ ಅದೇ ಸಾಲು ಕನ್ನಡದಲ್ಲಿ. ಜನರಿಗೆ ವಿಷಯ ಅರ್ಥ ಮಾಡಿಸಿದ್ದು ಆ ಚಿತ್ರವೇ, ನನ್ನ ಮಾತಲ್ಲ ಅಂತ ಈಗಲೂ ಅನುಮಾನ. ಚಿತ್ರಕ್ಕೆ ‘ಸರ್ಕಾರ’ ಇರುವ ಸಾಲನ್ನೇ ಆರಿಸಿದೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಬರುತ್ತೆ, ಯೂನಿಕೋಡಿನಲ್ಲಿ ಅರ್ಧ ‘ರ್’ ಮೊದಲೇ ಬರಬೇಕು. ಅದನ್ನು ಹಿಂದಕ್ಕೆ ಎಳೆದು ತರೋದು ಈ ಕೆಲಸದ ತಲೆನೋವು. ಗೊತ್ತಿದ್ದವರು ಚಿತ್ರ ನೋಡಿದ ಕೂಡಲೇ ‘ಅರ್ಕಾವತ್ತು ಸರಿ ಬರ್ತಿದೆ’ ಅಂತ ಗುರುತು ಹಿಡಿದರು.

ಆಮೇಲೆ ಆಗದ ಕೆಲಸಗಳು. ಸ್ಕ್ಯಾನ್ ಮಾಡಿದ ಪುಟ ಆಗಲ್ಲ. ನಡುವೆ ಇಂಗ್ಲಿಷ್ ಇದ್ದರೆ ಅದು ಕೆಡುತ್ತೆ, ತೆಗೆದಿಟ್ಟು ಹಾಕಿ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತೆ, ಮೊಬೈಲಿನಲ್ಲಿ ಇಲ್ಲ. ಪೈಥಾನ್, ಲೈಸೆನ್ಸ್ ವಗೈರೆ ಕಟ್ಟಕಡೆಗೆ ಹೋದವು. ‘ಹಗುರ’, ‘ಮಾಡ್ಯುಲರ್’ ಎರಡನ್ನೂ ತೆಗೆದೇಬಿಟ್ಟೆ. ಕೋಡ್ ಬರೆಯುವ ಗೆಳೆಯನೊಬ್ಬ ‘ತೀರಾ ಸಪ್ಪೆ ಆಯ್ತಲ್ಲೋ’ ಅಂದ. ಅವನಿಗೆ ಹಳೇ ಪ್ರಕಟಣೆಯೇ ಇಷ್ಟ. ಅವನ ಹತ್ತಿರ ಒಂದೂ ನುಡಿ ಫೈಲ್ ಇಲ್ಲ ಬಿಡಿ.

ಈ ಸಲ ಮೊದಲು ಉತ್ತರ ಬರೆದವರು ಪುಸ್ತಕಗಳ ಪುಟ ಕಟ್ಟುವವರು. ಕೀಬೋರ್ಡಾ ಅಂತ ಕೇಳಲಿಲ್ಲ. ‘ಸ್ವಾತಂತ್ರ್ಯ ಪದದಲ್ಲಿ ಒತ್ತುಗಳು ಹಿಂದುಮುಂದಾಗಿ ಬರ್ತಿವೆ, ನೋಡಿ’ ಅಂತ ಫೈಲ್ ಸಮೇತ ಕಳಿಸಿದ್ದರು. ತೆಗೆದು ನೋಡಿದೆ, ನಿಜ. ‘ಯ’ ಒತ್ತು ಬಂದು ‘ರ’ ಒತ್ತಿನ ಮುಂದೆ ನಿಂತಿತ್ತು. ಇನ್ನೂ ಸರಿ ಮಾಡಿಲ್ಲ. ಸದ್ಯಕ್ಕೆ ಆಗದ ಕೆಲಸಗಳ ಸಾಲಿಗೆ ಅದನ್ನೂ ಸೇರಿಸಿದ್ದೇನೆ.