ಪೋಸ್ಟರ್ ಬಿಟ್ಟು ಬೋರ್ ಎಣಿಸಿದೆವು: ನೀರಿನ ಪಾಠದಲ್ಲಿ ನನ್ನ ಅನುಭವ

ನೀರು ಉಳಿಸಿ ಅಂತ ಮಕ್ಕಳಿಂದ ಪೋಸ್ಟರ್ ಬರೆಸುವುದನ್ನು ನಾನು ಬಿಟ್ಟು ಕೆಲವು ವರ್ಷ ಆಯಿತು. ಅದರ ಬದಲು ಊರಿನ ಬೋರ್‌ವೆಲ್‌ಗಳ ಪಟ್ಟಿ ಮಾಡಿಸುತ್ತೇನೆ. ಯಾವ ವರ್ಷ ಕೊರೆದದ್ದು, ಎಷ್ಟು ಅಡಿ, ಎಷ್ಟು ದುಡ್ಡು, ಎಷ್ಟು ವರ್ಷ ನೀರು ಬಂತು. ಇದು ಪಾಠವೇ ಅಲ್ಲ ಅಂದವರು ಬಹಳ ಮಂದಿ. ಈಗ ಆ ಪಟ್ಟಿಯಿಂದ ಮಾಡಿದ ಚಾರ್ಟು ನಮ್ಮ ಪಂಚಾಯಿತಿ ಆಫೀಸಿನಲ್ಲಿ ತೂಗುತ್ತಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕೋಲಾರ ಜಿಲ್ಲೆಯಲ್ಲಿ, ಆಂಧ್ರದ ಗಡಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಜಿಲ್ಲೆಯ ನೀರಿನ ಕಥೆ ನಿಮಗೆ ಗೊತ್ತೇ ಇದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳು ಸಾವಿರಗಟ್ಟಲೆ ಇವೆ. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು. ಕೆಳಗೆ ಗಟ್ಟಿ ಕಲ್ಲು. ನೀರೇನಿದ್ದರೂ ಮೇಲಿನ ಶಿಥಿಲ ಪದರದಲ್ಲಿ, ಇಲ್ಲವಾದರೆ ಬಂಡೆಯ ಬಿರುಕಿನಲ್ಲಿ.

2020ರಲ್ಲಿ ವಿದ್ಯಾಗಮ ಅಂತ ಮಾಡಿದ್ದು ಮೇಷ್ಟ್ರುಗಳಿಗೆಲ್ಲ ನೆನಪಿರಬೇಕು. ಕೋವಿಡ್‌ನಿಂದ ಶಾಲೆ ಮುಚ್ಚಿತ್ತು. ನಾವೇ ಊರೊಳಗೆ ಹೋಗಿ ಅರಳಿಕಟ್ಟೆ, ಗುಡಿ ಜಗಲಿ ಮೇಲೆ ಪಾಠ ಮಾಡುತ್ತಿದ್ದೆವು. ನಾನು ಅಂತರ್ಜಲ ಅಂತ ಬಾಯಿ ತೆರೆದರೆ ಕಟ್ಟೆ ಮೇಲಿದ್ದ ತಾತಂದಿರು ತಮ್ಮ ಬೋರ್ ಕಥೆ ತೆಗೆಯುತ್ತಿದ್ದರು. ಮಕ್ಕಳ ಕಿವಿ ಅತ್ತಲೇ. ಸರಿ, ಅದನ್ನೇ ಬರೆದುಕೊಳ್ಳಿ ಅಂದೆ.

ಆದರೆ ಈ ವಿಧಾನ ಒಂದೇ ಸಲಕ್ಕೆ ಕೂಡಿಬರಲಿಲ್ಲ. ಮೊದಮೊದಲು ಸಾಮಾನುಗಳ ಹಿಂದೆ ಬಿದ್ದು ದುಡ್ಡು ಕಳೆದೆವು. ಆನ್‌ಲೈನಿನಲ್ಲಿ ಮುನ್ನೂರು ಚಿಲ್ಲರೆ ಕೊಟ್ಟು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳನ್ನು ಒಟ್ಟಾಗಿ ತೋರಿಸುವ ಸಾಧನ) ತರಿಸಿದೆ. ಮಕ್ಕಳು ಸಿಕ್ಕಿದ್ದಕ್ಕೆಲ್ಲ ಅದ್ದಿದರು. ಚೆನ್ನಾಗಿಯೇ ಇತ್ತು, ಆದರೆ ನಮ್ಮ ಕಡೆ ದೊಡ್ಡ ತೊಂದರೆ ಫ್ಲೋರೈಡ್. ಈ ಮೀಟರಿಗೆ ಫ್ಲೋರೈಡ್ ಬೇರೆಯಾಗಿ ಕಾಣುವುದೇ ಇಲ್ಲ. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಕುಡಿಯಬಾರದು ಅನ್ನುವ ವಸ್ತು ಅದು. ಟಿಡಿಎಸ್ ಕಡಿಮೆ ಇದೆ ಅಂತ ಆ ನೀರನ್ನು ಒಳ್ಳೆಯದು ಅನ್ನುವ ಹಾಗಿಲ್ಲ. ಪಂಚಾಯಿತಿಯಿಂದ ಪರೀಕ್ಷೆ ಕಿಟ್ ತಂದೆವು. ಔಷಧಿಯ ತಾರೀಖು ಮುಗಿದಿತ್ತು. ಹೊಸದು ಬಂದ ಮೇಲೆ ಇನ್ನೊಂದು ಫಜೀತಿ. ಬಣ್ಣ ನೋಡಿ ಹೇಳಬೇಕು, ಒಬ್ಬನಿಗೆ ಗುಲಾಬಿ ಕಂಡದ್ದು ಇನ್ನೊಬ್ಬಳಿಗೆ ಹಳದಿ. ಕೊನೆಗೆ ಬಾಟಲಿ ತುಂಬಿ ಲ್ಯಾಬಿಗೇ ಕಳಿಸಿದೆವು. ಕಿಟ್ ಬೇಡ ಅನ್ನುತ್ತಿಲ್ಲ. ಅದೊಂದನ್ನೇ ನಂಬಿ ಪಾಠ ಕಟ್ಟಬೇಡಿ.

ಆಮೇಲೆ ನೀರಿನ ಮಟ್ಟ ಅಳೆಯುವ ಸಾಧನ. ಕಂಪನಿಯದ್ದು ನಮಗೆ ಎಟುಕದ ರೇಟು. ಎರಡೆಳೆ ವೈರು, ಬ್ಯಾಟರಿ, ಬಜರ್ ಸೇರಿಸಿ ನಾವೇ ಮಾಡಿದೆವು. ತುದಿ ನೀರಿಗೆ ತಾಗಿದರೆ ಕುಯ್ ಅನ್ನುತ್ತದೆ. ಖರ್ಚು ಹೆಚ್ಚೆಂದರೆ ಆರುನೂರು. ತೆರೆದ ಬಾವಿಗೆ ಭೇಷ್. ಬೋರಿಗೆ ಮಾತ್ರ ಇಳಿಸಲೇಬೇಡಿ. ಪೈಪು, ಕೇಬಲ್ ಮಧ್ಯೆ ವೈರು ಸಿಕ್ಕಿಕೊಂಡರೆ ಮೋಟರ್ ಎತ್ತಬೇಕು. ಎತ್ತುವ ಗಾಡಿಯವರು ಕೇಳುವ ದುಡ್ಡು ನಿಮಗೆ ಗೊತ್ತು. ಪಾಳುಬಿದ್ದ ಬೋರೊಂದರಲ್ಲಿ ನಮ್ಮ ಒಂದು ವೈರು ಈಗಲೂ ಇದೆ. ಬಾವಿ ಅಳೆಯುವಾಗಲೂ ಕಟ್ಟೆ ಇರುವ ಬಾವಿ ಮಾತ್ರ. ಮೇಷ್ಟ್ರು ಪಕ್ಕದಲ್ಲಿ ಇರಲೇಬೇಕು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ನೋಟ್‌ಬುಕ್ಕು, ಪೆನ್ನು, ಊರಿನ ಜನರ ನೆನಪು. ಕೆಲಸ ಆದದ್ದೂ ಅವುಗಳಿಂದಲೇ.

ಜನರ ನೆನಪನ್ನು ನಂಬೋದು ಹೇಗೆ ಅಂತ ನಮ್ಮ ಸಹೋದ್ಯೋಗಿಗಳು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. "ಯಾವ ವರ್ಷ ಕೊರೆಸಿದ್ರಿ ತಾತ?" ಅಂದರೆ ಯಾರೂ ಹೇಳುವುದಿಲ್ಲ. "ದೊಡ್ಡ ಮಗಳ ಮದುವೆಗೆ ಮುಂಚೇನಾ, ಆಮೇಲಾ?" ಅಂದರೆ ತಟ್ಟನೆ ಹೇಳುತ್ತಾರೆ. ಆ ಮಗಳ ಮದುವೆ ಪತ್ರಿಕೆ ಎಲ್ಲೋ ಟ್ರಂಕಿನಲ್ಲಿ ಇರುತ್ತದೆ. ಚುನಾವಣೆ, ಮೊಮ್ಮಗ ಹುಟ್ಟಿದ್ದು, ಕೆರೆ ಕೋಡಿ ಹೋದದ್ದು, ಹೀಗೆ ಊರಿನದ್ದೇ ಒಂದು ಇಸವಿ ಪಟ್ಟಿ ಮಾಡಿಕೊಂಡೆವು. ಎರಡು ವರ್ಷ ಹೆಚ್ಚುಕಡಿಮೆ ಆದರೂ ನಮ್ಮ ಲೆಕ್ಕಕ್ಕೆ ಸಾಕು.

ಆಳದ ವಿಷಯದಲ್ಲಿ ಜನ ಸ್ವಲ್ಪ ಜಾಸ್ತಿ ಹೇಳುತ್ತಾರೆ. ಸಾವಿರ ಅಡಿ ಅನ್ನುವುದು ಬಾಯಿಗೆ ಸಲೀಸು. ಅದಕ್ಕೆ ಮಕ್ಕಳು ಅಡಿ ಕೇಳುವುದಿಲ್ಲ, ಎಷ್ಟು ಪೈಪ್ ಇಳಿಸಿದ್ರಿ ಅಂತ ಕೇಳುತ್ತಾರೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಆದರೆ ಒಂದಕ್ಕೆ 20 ಅಡಿ. 45 ಪೈಪ್ ಅಂದರೆ ಮೋಟರ್ 900 ಅಡಿಯಲ್ಲಿದೆ, ಬೋರ್ ಅದಕ್ಕಿಂತ ಸ್ವಲ್ಪ ಕೆಳಗೆ. ಪೈಪಿನ ಲೆಕ್ಕ ಯಾವ ರೈತನೂ ಮರೆಯುವುದಿಲ್ಲ. ಒಂದೊಂದೂ ದುಡ್ಡು ಕೊಟ್ಟು ತಂದದ್ದು ಅಲ್ವಾ. ಮನೆಯಲ್ಲಿ ರಿಗ್ ಲಾರಿಯವರ ಬಿಲ್ಲು ಸಿಕ್ಕರೆ ಅದೇ ದೊಡ್ಡ ಸಾಕ್ಷಿ.

ಫೇಲಾದ ಬೋರ್ ಬಗ್ಗೆ ಬಾಯಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಸಾಲದ ವಿಷಯ ಅದು. ಹೆಂಡತಿಯ ಒಡವೆ ಹೋಗಿರುತ್ತದೆ. ಮಕ್ಕಳ ಮುಂದೆ ಯಾರು ಹೇಳುತ್ತಾರೆ? ಅದಕ್ಕೆ ನಮ್ಮ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದು ಬಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬಂದವರಿಗೆ ಮಕ್ಕಳೇ ಹೇಳಿಕೊಡುತ್ತಾರೆ. ಇನ್ನೊಂದು ಮಾತು. ನಮ್ಮ ಕಡೆ ಮನೆಮಾತು ತೆಲುಗು. ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬರೆಯುತ್ತಾರೆ. ಕನ್ನಡ ಮೇಡಂ ಮೊದಲು ದೂರ ಇದ್ದರು. ಮಕ್ಕಳ ಬರವಣಿಗೆ ಸುಧಾರಿಸಿದ್ದನ್ನು ನೋಡಿ ಈಗ ಅವರೇ ಮುಂದೆ ನಿಂತು ತಿದ್ದುತ್ತಾರೆ.

ಎರಡು ಬ್ಯಾಚ್ ಕಳೆಯುವ ಹೊತ್ತಿಗೆ 180 ಬೋರ್ ಹತ್ತಿರ ಪಟ್ಟಿ ಆಯಿತು. ಒಂದೇ ಊರು ಮತ್ತು ಅದರ ಎರಡು ಮಜರೆ. ನೀರು ಬರುತ್ತಿದ್ದದ್ದು 60ರ ಸುಮಾರು. 1990ರ ಆಚೀಚೆ ಕೊರೆದವು 200, 250 ಅಡಿ. 2000ದ ಹೊತ್ತಿಗೆ ಐನೂರು. 2010ಕ್ಕೆ ಎಂಟುನೂರು, ಒಂಬೈನೂರು. 2015ರ ನಂತರದವು 1200 ಅಡಿ ದಾಟಿದವೇ ಜಾಸ್ತಿ. ಹಳೆಯ ತೆರೆದ ಬಾವಿಗಳು ನಲವತ್ತರಿಂದ ಅರವತ್ತು ಅಡಿ ಅಷ್ಟೇ.

ಇದನ್ನು ಗ್ರಾಫ್ ಹಾಳೆಯಲ್ಲಿ ಹಾಕಿಸಿದೆ. ಯಾರಿಗೂ ನಾಟಲಿಲ್ಲ. ಆಮೇಲೆ ಬಣ್ಣದ ಕಾಗದದ ಪಟ್ಟಿ ಕತ್ತರಿಸಿದೆವು. 50 ಅಡಿಗೆ ಒಂದು ಇಂಚು. ಒಂದು ಬೋರಿಗೆ ಒಂದು ಪಟ್ಟಿ. ನೀರಿದ್ದರೆ ನೀಲಿ, ಬತ್ತಿದ್ದರೆ ಬೂದಿ ಬಣ್ಣ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಇಸವಿ ಪ್ರಕಾರ ಇಳಿಬಿಟ್ಟೆವು. ಎಡಗಡೆ ನಾಲ್ಕೈದು ಇಂಚಿನ ಪಟ್ಟಿ, ಬಲಗಡೆಗೆ ಬರಬರುತ್ತಾ ಎರಡಡಿ ದಾಟಿದವು. ಎಡಗಡೆ ಪೂರ್ತಿ ಬೂದಿ. ಎಂಟನೇ ಕ್ಲಾಸಿನ ಹುಡುಗನೊಬ್ಬ ಅವನ ಮನೆಯ ಐದು ಪಟ್ಟಿಗಳನ್ನು ಹುಡುಕಿ ಮುಟ್ಟಿ ನೋಡಿದ. ನಾಲ್ಕು ಬೂದಿ. ಏನೂ ಮಾತಾಡಲಿಲ್ಲ. ಮಾರನೇ ದಿನ ಅಪ್ಪನನ್ನು ಕರೆದುಕೊಂಡು ಬಂದ.

ಆಮೇಲೆ ದುಡ್ಡು ಕೂಡಿಸಿದರು. ಕೊರೆಯಲು ಅಡಿಗೆ ಆ ವರ್ಷದ ರೇಟು, ಜೊತೆಗೆ ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಬೋರಿಗೆ ಇಳಿಸುವ ಪೈಪು), ಇಷ್ಟು ಮಾತ್ರ. ಮೋಟರ್, ಪೈಪ್, ಕೇಬಲ್ ಸೇರಿಸಿಲ್ಲ. ಮೊತ್ತ ಎರಡು ಕೋಟಿ ದಾಟಿತು. ಲೆಕ್ಕ ತಪ್ಪಿದೆ ಅಂತ ಗಣಿತದ ಮೇಷ್ಟ್ರು ಮತ್ತೆ ಮಾಡಿಸಿದರು. ಅಷ್ಟೇ ಬಂತು. ಬಡ ಊರು ಅಂತ ನಾವು ಕರೆಯುವ ಊರು ಭೂಮಿಯೊಳಗೆ ಸುರಿದ ದುಡ್ಡು ಇದು. ಆ ಮೊತ್ತ ಬೋರ್ಡಿನ ಮೇಲೆ ಬಂದ ಮೇಲೆ ನಾನು ಅಂತರ್ಜಲ ಕುಸಿತ ಅಂತ ಬೇರೆ ಪಾಠ ಮಾಡಲಿಲ್ಲ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಕೇಸಿಂಗ್ ಪೈಪಿನ ಒಂದಡಿ ತುಂಡನ್ನು ನೆಲಕ್ಕೆ ಎರಡಿಂಚು ಹೊಡೆದು ಒಂದು ಲೀಟರ್ ನೀರು ಸುರಿಯುವುದು, ಇಂಗಲು ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡುವುದು. ಹೊಂಗೆ ಮರದ ಕೆಳಗೆ ನಾಲ್ಕೈದು ನಿಮಿಷ. ಆಟದ ಮೈದಾನದಲ್ಲಿ ಮುಕ್ಕಾಲು ಗಂಟೆ ಆದರೂ ಮುಗಿಯಲಿಲ್ಲ. ನೀಲಗಿರಿ ತೋಪಿನಲ್ಲಿ ಮಾಡಿದಾಗ ಒಂದೊಂದು ಕಡೆ ಒಂದೊಂದು ಥರ ಬಂತು. ಅದನ್ನು ಇನ್ನೂ ಬಿಟ್ಟಿಲ್ಲ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ 2017ರಲ್ಲೇ ಹೇಳಿದೆ. ಹಳೆಯ ತೋಪು ಹಾಗೇ ಇವೆ.

ಬೋರ್ ಪಾಯಿಂಟ್ ಯಾರು ನೋಡಿದ್ದು ಅಂತಲೂ ಬರೆಸಿದ್ದೆವು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೋಡಿದವರದ್ದು, ಮಷೀನ್ ಇಟ್ಟು ನೋಡಿದವರದ್ದು, ಇಬ್ಬರ ಫೇಲೂ ನಮ್ಮ ಪಟ್ಟಿಯಲ್ಲಿ ಹತ್ತಿರಹತ್ತಿರ ಒಂದೇ ಬಂದವು. ಮಕ್ಕಳು ಇದನ್ನು ಊರಲ್ಲಿ ಹೇಳಿದಾಗ ಸ್ವಲ್ಪ ಗಲಾಟೆ ಆಯಿತು. ಆದರೂ ಆ ಲೆಕ್ಕವನ್ನು ಪಟ್ಟಿಯಿಂದ ತೆಗೆದುಹಾಕಲಿಲ್ಲ.

ಶುದ್ಧ ನೀರಿನ ಘಟಕದ್ದು ಇನ್ನೊಂದು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಶುದ್ಧ ಮಾಡುವಾಗ ಉಳಿದ ನೀರು ಹಿಂದೆ ಇನ್ನೊಂದು ಪೈಪಿನಿಂದ ಚರಂಡಿಗೆ ಹೋಗುತ್ತಿತ್ತಲ್ಲ, ಅದಕ್ಕೆ ಡ್ರಮ್ ಇಟ್ಟರು. ಒಂದು ಕ್ಯಾನ್ ತುಂಬುವಷ್ಟರಲ್ಲಿ ಡ್ರಮ್ಮಿಗೆ 30 ಲೀಟರ್ ಬಿದ್ದಿತ್ತು. ಈಗ ಅದು ಗಾಡಿ ತೊಳೆಯಲು, ಶಾಲೆ ಶೌಚಾಲಯಕ್ಕೆ ಹೋಗುತ್ತದೆ.

ಮನೆಮನೆಯ ಬಿಂದಿಗೆ ಲೆಕ್ಕದಲ್ಲಿ ನನಗೇ ಹೊಳೆಯದ ವಿಷಯ ಮಕ್ಕಳಿಗೆ ಹೊಳೆಯಿತು. ಜಲ ಜೀವನ್ ಮಿಷನ್ನಿನಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅದು ಮನುಷ್ಯರ ತಲೆಗೆ. ನಮ್ಮದು ಹಾಲಿನ ಜಿಲ್ಲೆ. ಒಂದು ಎಚ್‌ಎಫ್ (ಸೀಮೆ ತಳಿಯ) ಹಸು ಬೇಸಿಗೆಯಲ್ಲಿ 80 ಲೀಟರ್ ಕುಡಿಯುತ್ತದೆ. ಎರಡು ಹಸು ಇದ್ದರೆ ಆ ಮನೆಯಲ್ಲಿ ಇನ್ನೂ ಮೂರು ಜನ ಇದ್ದ ಹಾಗೆ. ನಲ್ಲಿ ನೀರು ಸಾಲುತ್ತಿಲ್ಲ ಅಂತ ಹೆಂಗಸರು ಜಗಳ ಆಡುವುದು ಸುಮ್ನೆ ಅಲ್ಲ ಅಂತ ಒಬ್ಬ ಹುಡುಗಿ ಬರೆದಿದ್ದಳು.

ಕೆಸಿ ವ್ಯಾಲಿ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಹೋರಾಟ ಇದೆ, ಆ ಬೇಡಿಕೆ ನನ್ನದೂ ಹೌದು. ನಮ್ಮ ಪಕ್ಕದ ಊರಿನ ಕೆರೆ ತುಂಬಿದ ಮೇಲೆ ಅಲ್ಲಿಯ ಬತ್ತಿದ ಬೋರ್‌ಗಳಲ್ಲಿ ನೀರು ಬಂತು. ಮಕ್ಕಳು ಪಟ್ಟಿ ಮಾಡಿಕೊಂಡು ಬಂದು ಇದು ಕೆಸಿ ವ್ಯಾಲಿಯಿಂದಲೇ ಅಂತ ಬರೆದರು. ಒಬ್ಬಳು ಎದ್ದು ನಿಂತಳು. "ಸಾರ್, 2021ರಲ್ಲಿ ಮಳೆ ಜೋರಾಗಿತ್ತು. ನಮ್ಮ ಕೆರೆಗೆ ಆ ನೀರು ಬಂದಿಲ್ಲ, ಆದ್ರೂ ಕೋಡಿ ಹೋಯ್ತು, ನಮ್ಮ ಬೋರಲ್ಲೂ ನೀರು ಬಂತು. ಮಳೆಯಿಂದಲೂ ಇರಬಹುದಲ್ವಾ?" ಇಷ್ಟು ವರ್ಷ ನಾನು ಕಾದಿದ್ದು ಈ ಪ್ರಶ್ನೆಗೆ. ಆವತ್ತಿನಿಂದ ಎರಡು ಊರಿನ ಬಾವಿಗಳನ್ನೂ ಒಟ್ಟಿಗೆ ಅಳೆಯಲು ಶುರು ಮಾಡಿದೆವು. 2023ರಲ್ಲಿ ಬರ ಬಿತ್ತು. ನಮ್ಮೂರಿನ ಬಾವಿ ಇಳಿಯುತ್ತಾ ಹೋಯಿತು. ಅವರ ಕೆರೆ ಕೆಳಗಿನ ಬಾವಿ ಒಂದೆರಡು ಅಡಿ ಮಾತ್ರ ಇಳಿಯಿತು. ಕೆರೆಯಿಂದ ಒಂದು ಕಿಲೋಮೀಟರ್ ಆಚೆಗಿನ ಬಾವಿಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಬಾವಿಗಳು ಕೈಬೆರಳೆಣಿಕೆಯಷ್ಟು, ಆದ್ದರಿಂದ ಇದನ್ನು ದೊಡ್ಡ ತೀರ್ಮಾನ ಅನ್ನುವುದಿಲ್ಲ. ಆದರೆ ಒಂಬತ್ತನೇ ಕ್ಲಾಸಿನವರು ಒಂದು ಬರಗಾಲಕ್ಕಾಗಿ ಕಾದು ತಮ್ಮ ಮಾತನ್ನು ಪರೀಕ್ಷೆ ಮಾಡಿದರು ಅನ್ನುವುದು ನನಗೆ ದೊಡ್ಡದು.

ಅನುಮಾನದ ಮಾತು ಹೇಳಲೇಬೇಕು. ಪಠ್ಯ ಮುಗಿಯುವುದಿಲ್ಲ ಅಂದರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿದ್ದುಹೋಗುತ್ತದೆ ಅಂದರು. "ಓದೋಕೆ ಕಳಿಸಿದ್ರೆ ಬೋರ್ ಎಣಿಸ್ತಾರೆ" ಅಂತ ಪೋಷಕರ ಸಭೆಯಲ್ಲಿ ಕೂಗಾಡಿದವರೂ ಇದ್ದಾರೆ. ಮೊದಲ ಬ್ಯಾಚು ಹತ್ತನೇ ತರಗತಿ ಪಾಸಾದಾಗ ವಿಜ್ಞಾನದ ಸರಾಸರಿ ಹಿಂದಿನದಕ್ಕಿಂತ ಮೇಲಿತ್ತು. ಆಮೇಲೆ ಆ ಮಾತು ನಿಂತಿತು.

ಬಾಯಿ ಮುಚ್ಚಿಸಿದ್ದು ಮಾತ್ರ ಮಕ್ಕಳ ಗ್ರಾಮಸಭೆ. ಬತ್ತಿದ ಬೋರ್‌ಗಳಲ್ಲಿ ಬಾಯಿ ಮುಚ್ಚದೇ ಬಿಟ್ಟವು ಹದಿನೇಳೋ ಹದಿನೆಂಟೋ ಇದ್ದವು. ಅವುಗಳ ಪಟ್ಟಿ, ಯಾರ ಹೊಲ, ರಸ್ತೆಯಿಂದ ಎಷ್ಟು ದೂರ, ಎಲ್ಲ ಬರೆದು ಮಕ್ಕಳು ಓದಿದರು. ಅದರಲ್ಲಿ ಎರಡು ಅಂಗನವಾಡಿ ದಾರಿಯಲ್ಲೇ ಇದ್ದವು. ಸಭೆ ತಣ್ಣಗಾಯಿತು. ಒಂದು ತಿಂಗಳೊಳಗೆ ಎಲ್ಲಕ್ಕೂ ಕ್ಯಾಪ್ ಬಿತ್ತು. ಮುಂದಿನ ವರ್ಷ ಕುಂಟೆಯ (ಸಣ್ಣ ಕೆರೆಯ) ಹೂಳು ತೆಗೆಯುವುದು ಉದ್ಯೋಗ ಖಾತ್ರಿ ಪಟ್ಟಿಗೆ ಸೇರಿತು. ರಾಜಕಾಲುವೆ ಒತ್ತುವರಿ ವಿಷಯ ಇನ್ನೂ ಅಲ್ಲೇ ನಿಂತಿದೆ. ಅದನ್ನು ಮಕ್ಕಳ ಹೆಗಲ ಮೇಲೆ ಹಾಕುವುದು ಸರಿಯಲ್ಲ, ದೊಡ್ಡವರಾದ ನಾವೇ ಮಾಡಬೇಕು.

ಮಾಡುವ ಮನಸ್ಸಿರುವ ಮೇಷ್ಟ್ರುಗಳಿಗೆ ಒಂದೆರಡು ಮಾತು. ಒಟ್ಟು ಖರ್ಚು ವರ್ಷಕ್ಕೆ ಎರಡು ಸಾವಿರದ ಒಳಗೆ, ಮಳೆ ಅಳೆಯಲು ತಂಪು ಪಾನೀಯದ ಬಾಟಲಿ ಸಾಕು. ಜೂನ್‌ನಲ್ಲಿ ಮಳೆ ಲೆಕ್ಕದಿಂದ ಶುರು ಮಾಡಿ. ಬೋರ್ ಕೇಳುವ ಕೆಲಸ ದಸರಾ ರಜೆಗೆ ಇಡಿ, ಮಕ್ಕಳು ಮನೆಯಲ್ಲೇ ಇರುತ್ತಾರೆ. ಟೊಮೆಟೊಗೆ ರೇಟು ಇರುವ ವಾರ ರೈತರ ಹತ್ತಿರ ಹೋಗಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಸಾಲದ ಮೊತ್ತವನ್ನು ಯಾರ ಹೆಸರಿನ ಮುಂದೆಯೂ ಬರೆಸಬೇಡಿ, ಊರಿನ ಒಟ್ಟು ಲೆಕ್ಕ ಮಾತ್ರ ತೋರಿಸಿ. ನಮ್ಮ ಫಾರಂ ಒಂದೇ ಹಾಳೆ, ಎರಡು ಬದಿ. ಕೇಳಿದವರಿಗೆ ಜೆರಾಕ್ಸ್ ಮಾಡಿ ಕೊಡುತ್ತೇವೆ.