ಅಂಬಾಸಡರ್ ಕಾರಿನ ಇಂಡಿಕೇಟರ್ ಕೈಕೊಟ್ಟಾಗ

2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ತಯಾರಿಕೆ ನಿಲ್ಲಿಸಿದ ಮೇಲೂ ಅಂಬಾಸಡರ್ ಕಾರನ್ನು ಜತನದಿಂದ ಓಡಿಸುತ್ತಿರುವವರಲ್ಲಿ ಹಲವರು, ಇಂಡಿಕೇಟರ್ ಮಿನುಗದಿದ್ದರೆ ಮೊದಲು ಹೊಸ ಫ್ಲ್ಯಾಷರ್ (ದೀಪವನ್ನು ಮಿನುಗಿಸುವ ಪುಟ್ಟ ಸಾಧನ) ಕೊಳ್ಳುತ್ತಾರೆ. ದುಡ್ಡು ಬಿಚ್ಚುವ ಮೊದಲು ಬಲ್ಬ್ ಹೋಲ್ಡರಿನ ತುಕ್ಕನ್ನು ನೋಡುವುದು ಮೇಲು.

ಎಂಜಿನ್ ಚಾಲೂ ಮಾಡದೆ, ಇಗ್ನಿಷನ್ ಮಾತ್ರ ಆನ್ ಮಾಡಿ ಎಡ ಬಲ ಎರಡನ್ನೂ ಪರೀಕ್ಷಿಸಿ. ಒಂದೇ ಬದಿ ಕೆಟ್ಟಿದ್ದರೆ ಫ್ಲ್ಯಾಷರನ್ನು ಮುಟ್ಟಬೇಡಿ; ಎರಡಕ್ಕೂ ಅದೊಂದೇ ಆಗಿರುವುದರಿಂದ, ದೋಷ ಆ ಬದಿಯ ಬಲ್ಬು, ತಂತಿ ಅಥವಾ ಸ್ವಿಚ್ಚಿನ ಆ ಬದಿಯ ಸಂಪರ್ಕದಲ್ಲಿರುತ್ತದೆ.

ಹಳೆಯ ಫ್ಲ್ಯಾಷರ್ ಕೆಲಸ ಮಾಡುವುದು ಶಾಖದಿಂದ. ಒಳಗಿನ ಲೋಹ ಕರೆಂಟಿಗೆ ಕಾದು ಹಿಗ್ಗುತ್ತ, ತಣಿದು ಕುಗ್ಗುತ್ತ ಸಂಪರ್ಕವನ್ನು ಕೂಡಿಸಿ ಬಿಡಿಸುತ್ತದೆ. 12 ವೋಲ್ಟಿನಲ್ಲಿ 21 ವಾಟಿನ ಎರಡು ಬಲ್ಬುಗಳು ಎಳೆಯುವ ಸುಮಾರು 3.5 ಆಂಪಿಯರಿಗೆ ಅದನ್ನು ಹೊಂದಿಸಿರುವುದರಿಂದ, ಒಂದು ಬಲ್ಬು ಸುಟ್ಟಿದ್ದರೂ, ಕಡಿಮೆ ವಾಟಿನದನ್ನೋ ಎಲ್‌ಇಡಿಯನ್ನೋ ಹಾಕಿದ್ದರೂ ಲಯ ತಪ್ಪುತ್ತದೆ, ಇಲ್ಲವೇ ದೀಪ ಮಿನುಗದೆ ಉರಿಯುತ್ತ ನಿಲ್ಲುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ಸರಿಯಾದ ಗತಿ.

ಬಲ್ಬು ಸರಿಯಿದ್ದೂ ಬೆಳಕು ಮಂಕಾಗಿದ್ದರೆ, ಅಥವಾ ಇಂಡಿಕೇಟರ್ ಜೊತೆಗೆ ಪಾರ್ಕಿಂಗ್ ದೀಪವೂ ಮಿನುಗಿದರೆ, ಅದು ಅರ್ಥಿಂಗ್, ಅಂದರೆ ಕರೆಂಟು ಮರಳುವ ದಾರಿಯ, ದೋಷದ ಖಚಿತ ಗುರುತೆಂದೇ ನಾನು ಭಾವಿಸುತ್ತೇನೆ. ಹಳೆಯ ಕಾರಿನಲ್ಲಿ ಕರೆಂಟು ಬಾಡಿಯ ತಗಡಿನ ಮೂಲಕವೇ ಬ್ಯಾಟರಿಗೆ ಮರಳಬೇಕು; ಮಲೆನಾಡಿನ ಮಳೆಗೆ ತುಕ್ಕು ಹಿಡಿದ ಹೋಲ್ಡರಾಗಲಿ, ಹೊಸದಾಗಿ ಬಳಿದ ಬಣ್ಣವಾಗಲಿ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಹೋಲ್ಡರಿನ ಲೋಹದ ಭಾಗದಿಂದ, ಬ್ಯಾಟರಿಯಲ್ಲಿ ಬಾಡಿಗೆ ಜೋಡಿಸಿರುವ ಟರ್ಮಿನಲ್ಲಿಗೆ ಒಂದು ತಂತಿಯನ್ನು ನೇರವಾಗಿ ಹಿಡಿದಾಗ ದೀಪ ಪ್ರಖರವಾದರೆ ದೋಷ ಸಿಕ್ಕಂತೆಯೇ. ಆಗ ಬ್ಯಾಟರಿ ಕಳಚಿ, ಹೋಲ್ಡರನ್ನೂ ಅದು ಕೂರುವ ತಗಡನ್ನೂ ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಎರಡೂ ಬದಿ ಸತ್ತಿದ್ದರೆ ಫ್ಯೂಸ್ ನೋಡಿ. ಅದು ಸುಡದಿದ್ದರೂ ತುದಿಗಳಲ್ಲಿ ಕಿಲುಬು ಕಟ್ಟಿರಬಹುದು. ನಂತರ ಎರಡು ಟರ್ಮಿನಲ್‌ಗಳ ಫ್ಲ್ಯಾಷರಿನ ತಂತಿಗಳನ್ನು ಕಳಚಿ, ಸ್ವಿಚ್ಚನ್ನು ಒಂದು ಬದಿಗೆ ಹಾಕಿ, ಆ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿ. ದೀಪ ಮಿನುಗದೆ ಉರಿದರೆ ಫ್ಲ್ಯಾಷರ್ ಕೆಟ್ಟಿದೆ, ಈಗ ಹೊಸದನ್ನು ಧೈರ್ಯವಾಗಿ ಕೊಳ್ಳಬಹುದು. ಉರಿಯದಿದ್ದರೆ, ಫ್ಯೂಸಿನಿಂದ ಬರುವ ತಂತಿಯಲ್ಲಿ ಕರೆಂಟಿದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ಪರೀಕ್ಷಿಸಿ. ಇದ್ದರೆ ಸ್ಟೇರಿಂಗ್ ಬಳಿಯ ಸ್ವಿಚ್ಚನ್ನು ಬಿಚ್ಚಿ, ಅದರ ಹಿತ್ತಾಳೆ ಸಂಪರ್ಕಗಳನ್ನು ಶುಚಿಗೊಳಿಸಿ.