ಪೆಲೆಟ್ ಸ್ಟೌ: ಬೂದಿ ಟ್ರೇ ಖಾಲಿ ಮಾಡಿದರಷ್ಟೇ ಸಾಲದು

ಚಳಿದೇಶಗಳ ಮನೆಗಳಲ್ಲಿರುವ ಪೆಲೆಟ್ ಸ್ಟೌ, ಅಂದರೆ ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು (ಪೆಲೆಟ್) ಸುಟ್ಟು ಕೋಣೆ ಬೆಚ್ಚಗಿಡುವ ಒಲೆ, ಕೈಕೊಟ್ಟಾಗ ರಿಪೇರಿಯವರನ್ನು ಕರೆಯುವ ಮುನ್ನ ಅದಕ್ಕೆ ಗಾಳಿ ಸರಿಯಾಗಿ ಆಡುತ್ತಿದೆಯೇ ನೋಡಿ. ಕಟ್ಟಿಗೆ ಒಲೆಯ ಹೊಗೆ ತನ್ನ ಬಿಸಿಗೆ ತಾನೇ ಚಿಮಣಿ ಹತ್ತುತ್ತದೆ. ಇಲ್ಲಿ ಹೊಗೆಯನ್ನು ಎಳೆದು 3 ಅಥವಾ 4 ಇಂಚಿನ ಕೊಳವೆಯಿಂದ ಹೊರಹಾಕಲು ಒಂದು ಫ್ಯಾನ್ ಇದೆ. ಅದರ ಸೆಳೆತದಿಂದಲೇ ಪೆಲೆಟ್ ಉರಿಯುವ ಬಟ್ಟಲು, ಅಂದರೆ ಬರ್ನ್ ಪಾಟ್‌ನ ತೂತುಗಳಲ್ಲಿ ಹೊಸ ಗಾಳಿ ನುಗ್ಗುತ್ತದೆ. ಈ ದಾರಿಯಲ್ಲಿ ಎಲ್ಲೇ ಬೂದಿ ಕಟ್ಟಿಕೊಂಡರೂ ಉರಿ ಸೊರಗುತ್ತದೆ.

ಉರಿಯೇ ಅದನ್ನು ಹೇಳಿಬಿಡುತ್ತದೆ. ಗಿಡ್ಡಗೆ, ಚುರುಕಾಗಿ, ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲಿದ್ದರೆ ಎಲ್ಲ ಸರಿ. ಉದ್ದಕ್ಕೆ, ಕಿತ್ತಳೆ ಬಣ್ಣದಲ್ಲಿ ಸೋಮಾರಿಯಂತೆ ತೂಗಾಡುತ್ತಾ ತುದಿಯಲ್ಲಿ ಕಪ್ಪಾಗಿದ್ದರೆ, ಗಾಜು ಕೆಲವೇ ಗಂಟೆಗಳಲ್ಲಿ ಮಸಿ ಹಿಡಿದರೆ, ಗಾಳಿ ಸಾಲುತ್ತಿಲ್ಲ.

ಯಾವ ಕೆಲಸಕ್ಕೂ ಮೊದಲು ಸ್ಟೌ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಉರಿಯುತ್ತಿರುವಾಗ ಪ್ಲಗ್ ಕಿತ್ತರೆ ಫ್ಯಾನ್ ನಿಂತು ಹೊಗೆ ಮನೆಯೊಳಗೆ ಬರುತ್ತದೆ. ತಣಿದ ಮೇಲೆ ಕೀಳಿ.

ದಿನವೂ ನೋಡಬೇಕಾದ್ದು ಬರ್ನ್ ಪಾಟ್. ಪೆಲೆಟ್‌ನಲ್ಲಿರುವ ಸಿಲಿಕಾ ಮುಂತಾದ ಖನಿಜಗಳು ಶಾಖಕ್ಕೆ ಕರಗಿ ಗಟ್ಟಿ ಕಿಟ್ಟವಾಗಿ ಪಾಟ್‌ನ ತಳಕ್ಕೆ ಅಂಟುತ್ತವೆ. ಅದನ್ನು ಕೆರೆದು ತೆಗೆಯಿರಿ. ಪಾಟ್ ಹೊರಗೆ ಬರುವಂಥದ್ದಾದರೆ ಬೆಳಕಿಗೆ ಹಿಡಿದು, ಮುಚ್ಚಿದ ತೂತುಗಳನ್ನು ಸಣ್ಣ ಕಡ್ಡಿಯಿಂದ ಬಿಡಿಸಿ. ಬೆಂಕಿ ಹೊತ್ತಿಸುವ ಇಗ್ನೈಟರ್ ಎದುರಿನ ತೂತಂತೂ ಖಾಲಿ ಇರಲೇಬೇಕು. ಅದು ಮುಚ್ಚಿದರೆ ಬೆಂಕಿ ಹತ್ತುವುದಿಲ್ಲ, ಪೆಲೆಟ್ ಮಾತ್ರ ಬೀಳುತ್ತಲೇ ಇರುತ್ತದೆ. ಹಾಗೆ ರಾಶಿಯಾದದ್ದು ಹೊಗೆಯಾಡಿ, ತುಂಬಿಕೊಂಡ ಅನಿಲ ಒಮ್ಮೆಲೇ ಭಗ್ಗೆಂದು ಹತ್ತಬಹುದು. ಆ ಪೆಲೆಟ್‌ಗಳನ್ನು ಮರಳಿ ಪೆಲೆಟ್ ತುಂಬಿಡುವ ಪೆಟ್ಟಿಗೆ, ಅಂದರೆ ಹಾಪರ್‌ಗೆ ಸುರಿಯಬೇಡಿ. ಒಳಗೊಂದು ಕೆಂಡ ಅಡಗಿದ್ದರೂ ಸಾಕು, ಹಾಪರ್‌ಗೇ ಬೆಂಕಿ. ಪಾಟ್ ಮರಳಿ ಇಡುವಾಗ ಸಂದಿಲ್ಲದಂತೆ ಕೂರಿಸಿ. ಸಂದಿದ್ದರೆ ಗಾಳಿ ತೂತುಗಳನ್ನು ಬಿಟ್ಟು ಅಲ್ಲಿಂದಲೇ ನುಸುಳುತ್ತದೆ.

ಗಾಜಿಗೆ ದುಬಾರಿ ದ್ರಾವಣ ಬೇಕಿಲ್ಲ. ನಮ್ಮ ಅಜ್ಜಿಯಂದಿರು ಪಾತ್ರೆ ತಿಕ್ಕುತ್ತಿದ್ದಂತೆ, ಒದ್ದೆ ಕಾಗದಕ್ಕೆ ನುಣ್ಣನೆ ಬೂದಿ ಹಚ್ಚಿ ಉಜ್ಜಿದರೆ ಮಸಿ ಬಿಡುತ್ತದೆ. ಗಾಜು ತಣ್ಣಗಿರಲಿ.

ವಾರಕ್ಕೊಮ್ಮೆ ಬೂದಿ ಟ್ರೇ ಖಾಲಿ ಮಾಡಿ. ಬೂದಿ ಹೋಗಬೇಕಾದದ್ದು ಬಿಗಿ ಮುಚ್ಚಳದ ಲೋಹದ ಡಬ್ಬಕ್ಕೆ. ಡಬ್ಬ ಇರಬೇಕಾದದ್ದು ಮನೆಯಿಂದ ಆಚೆ, ಕಾಂಕ್ರೀಟಿನ ಮೇಲೆ. ಮರದ ಡೆಕ್ ಮೇಲೆ ಬೇಡ, ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವಂತವಾಗಿರುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್‌ ಕ್ಲೀನರನ್ನು ಇದಕ್ಕೆ ಬಳಸಬೇಡಿ: ಸಣ್ಣ ಬೂದಿ ಫಿಲ್ಟರ್ ದಾಟಿ ಕೋಣೆಗೆಲ್ಲ ಹರಡುತ್ತದೆ, ಒಂದು ಕಿಡಿ ಸಿಕ್ಕರೆ ಚೀಲ ಹತ್ತಿಕೊಳ್ಳುತ್ತದೆ. ಬೂದಿಗೆಂದೇ ಲೋಹದ ವ್ಯಾಕ್ಯೂಮ್ ಸಿಗುತ್ತದೆ; ಅದಕ್ಕೂ ತಣ್ಣನೆಯ ಬೂದಿಯೇ ಆಗಬೇಕು. ಉರಿಯ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವ ಶಾಖ ವಿನಿಮಯದ ಕೊಳವೆಗಳ ಮಸಿ ಕೆರೆಯಲು ಕೆಲವು ಸ್ಟೌಗಳಲ್ಲಿ ಎಳೆಯುವ ಸರಳು ಇರುತ್ತದೆ, ಅದನ್ನು ಹತ್ತಾರು ಬಾರಿ ಹಿಂದಕ್ಕೂ ಮುಂದಕ್ಕೂ ಆಡಿಸಿ. ಉರಿ ಚೆನ್ನಾಗಿದ್ದೂ ಕೋಣೆ ಬೆಚ್ಚಗಾಗದಿದ್ದರೆ ಹೆಚ್ಚಾಗಿ ಇದೇ ಕಾರಣ.

ಹಾಪರ್ ತಳದ ಮರದ ಪುಡಿಯನ್ನೂ ಮರೆಯಬೇಡಿ. ಪುಡಿ ಹೆಚ್ಚಾದರೆ ಪೆಲೆಟ್ ತಳ್ಳುವ ತಿರುಪು, ಅಂದರೆ ಆಗರ್, ಸಿಕ್ಕಿಹಾಕಿಕೊಳ್ಳುತ್ತದೆ. ತೇವ ತಾಗಿದ ಪೆಲೆಟ್ ಇನ್ನೂ ಕೆಟ್ಟದ್ದು: ಮೊದಲು ಉಬ್ಬುತ್ತದೆ, ಆಮೇಲೆ ಆಗರ್‌ನೊಳಗೇ ಒಣಗಿ ಗಟ್ಟಿಯಾಗುತ್ತದೆ.

ಪೆಲೆಟ್‌ನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಅಮೆರಿಕದ ಪೆಲೆಟ್ ಉದ್ಯಮ ಸಂಘವಾದ ಪಿಎಫ್‌ಐ ಪ್ರೀಮಿಯಂ ದರ್ಜೆಯಲ್ಲಿ ಬೂದಿ ಶೇ. 1 ಮೀರುವಂತಿಲ್ಲ, ಯುರೋಪಿನ ಪೆಲೆಟ್ ಗುಣಮಟ್ಟದ ಗುರುತಾದ ಇಎನ್‌ಪ್ಲಸ್ ಎ1 ದರ್ಜೆಯಲ್ಲಿ ಶೇ. 0.7. ಲೆಕ್ಕ ಹಾಕಿ: 40 ಪೌಂಡಿನ 50 ಮೂಟೆ, ಅಂದರೆ ಒಂದು ಅಮೆರಿಕನ್ ಟನ್, ಸುಟ್ಟರೆ ಪ್ರೀಮಿಯಂನಲ್ಲೇ 9 ಕಿಲೋವರೆಗೆ ಬೂದಿ. ಎಲ್ಲವೂ ಟ್ರೇಗೆ ಬೀಳುವುದಿಲ್ಲ. ಹಗುರವಾದದ್ದು ಹಾರಿ ಹಿಂಬದಿಯ ಕೋಣೆ, ಫ್ಯಾನ್, ಹೊಗೆಕೊಳವೆಗಳಲ್ಲಿ ಕೂರುತ್ತದೆ.

ಹಾಗಾಗಿ ಒಂದು ಟನ್ ಸುಟ್ಟ ಮೇಲೊಮ್ಮೆ ದೊಡ್ಡ ಕೆಲಸ ಹಿಡಿಯಿರಿ. ಉರಿಗೂಡಿನ ಹಿಂದಿನ ಫಲಕ ಬಿಚ್ಚಿ, ಅದರ ಹಿಂದಿನ ಪೊಳ್ಳುಗಳ ಬೂದಿಯನ್ನು ಬ್ರಷ್‌ನಿಂದ ಸಡಿಲಿಸಿ ಹೀರಿಸಿ. ಹೊಗೆ ಫ್ಯಾನಿನ ರೆಕ್ಕೆಗಳನ್ನು ಮೃದು ಬ್ರಷ್‌ನಿಂದ ಒರೆಸಿ. ಬಾಗಿಸಿದರೆ ಫ್ಯಾನ್ ಗಡಗಡಿಸುತ್ತದೆ. ಫ್ಯಾನ್ ಬಿಚ್ಚಿದರೆ ಅದರ ಗ್ಯಾಸ್ಕೆಟ್ (ಸಂದಿ ಮುಚ್ಚುವ ಪಟ್ಟಿ) ಹೊಸದೇ ಹಾಕಿ. ಹೊಗೆಕೊಳವೆಯ ‘ಟಿ’ ಜೋಡಣೆಯ ಮುಚ್ಚಳ ತೆಗೆದು ಕೊಳವೆಯಳತೆಯ ಬ್ರಷ್ ಹಾಯಿಸಿ. ಗಾಳಿಯ ಸೆಳೆತ ಇಲ್ಲದಿದ್ದರೆ ಸ್ಟೌ ಉರಿಯದಂತೆ ತಡೆಯುವ ನಿರ್ವಾತ ಸ್ವಿಚ್‌ನ ರಬ್ಬರ್ ನಳಿಕೆ ಕಟ್ಟಿಕೊಂಡಿದ್ದರೆ ಸ್ವಿಚ್‌ನಿಂದ ಕಳಚಿಯೇ ಊದಬೇಕು. ಹಾಗೇ ಊದಿದರೆ ಒಳಗಿನ ತೆಳು ಪೊರೆ ಹರಿದು ಸ್ಟೌ ಹೊತ್ತುವುದೇ ಇಲ್ಲ. ಕೋಣೆಗೆ ಬಿಸಿಗಾಳಿ ಬೀಸುವ ಇನ್ನೊಂದು ಫ್ಯಾನಿಗೆ ಧೂಳು, ಸಾಕುಪ್ರಾಣಿಯ ಕೂದಲು ಸುತ್ತಿರುತ್ತದೆ, ಅದನ್ನೂ ತೆಗೆಯಿರಿ. ಎಣ್ಣೆ ಬಿಡುವುದು ಮೋಟಾರಿನಲ್ಲಿ ಅದಕ್ಕೆಂದೇ ತೂತಿದ್ದರೆ ಮಾತ್ರ.

ಬಾಗಿಲಿನ ಹಗ್ಗದಂಥ ಗ್ಯಾಸ್ಕೆಟ್ ಪರೀಕ್ಷಿಸಲು ಒಂದು ನೋಟು ಸಾಕು. ತಣ್ಣಗಿದ್ದಾಗ ನೋಟನ್ನು ಬಾಗಿಲಿಗೆ ಸಿಕ್ಕಿಸಿ, ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಸುತ್ತಲೂ ಹೀಗೆ ನೋಡಿ.

ಚಳಿಗಾಲ ಮುಗಿದೊಡನೆ, ಶರತ್ಕಾಲಕ್ಕೆ ಕಾಯದೆ, ಪೂರ್ತಿ ಶುಚಿ ಮಾಡಿ. ಉಳಿದ ಬೂದಿ ಬೇಸಿಗೆಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಹಾಪರ್, ಆಗರ್ ಎರಡೂ ಖಾಲಿಯಾಗಲಿ. ವರ್ಷಕ್ಕೊಮ್ಮೆ ಬಲ್ಲವರಿಂದ ಹೊಗೆದಾರಿಯ ತಪಾಸಣೆ ಮಾಡಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂನ ಬ್ಯಾಟರಿ ನೋಡಿ. ಮತ್ತೆ ಹೊತ್ತಿಸುವ ಮುನ್ನ ಹೊರಗೆ ಹೋಗಿ, ಕೊಳವೆಯ ಬಾಯಿಯಲ್ಲಿ ಹಕ್ಕಿಯೋ ಕಣಜವೋ ಗೂಡು ಕಟ್ಟಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.